ಒಂಬತ್ತು ಕಂತಿಗೆ ನಿಂತ ಹಾಸ್ಯ ಕಾರ್ಯಕ್ರಮ: ನಿರೂಪಕನ ಮುಂದಿನ ದಾರಿ ಯಾವುದು?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನವನು. ವಯಸ್ಸು 34. ಹನ್ನೊಂದು ವರ್ಷಗಳಿಂದ ಜಾತ್ರೆ, ಗಣೇಶೋತ್ಸವ, ಕಾಲೇಜು ಗ್ಯಾದರಿಂಗ್‌ಗಳಲ್ಲಿ ಒಬ್ಬನೇ ನಿಂತು ಒಂದೂಕಾಲು ಗಂಟೆಯ ಹಾಸ್ಯ ಕಾರ್ಯಕ್ರಮ ಕೊಡುತ್ತಾ ಬಂದಿದ್ದೇನೆ. ಜೊತೆಗೆ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಕೆಲಸವಿತ್ತು. ಕಳೆದ ವರ್ಷ ಒಂದು ಮನರಂಜನಾ ವಾಹಿನಿಯವರು ಭಾನುವಾರ ರಾತ್ರಿ ಒಂಬತ್ತರ ಹಾಸ್ಯ ಕಾರ್ಯಕ್ರಮಕ್ಕೆ ನನ್ನನ್ನು ನಿರೂಪಕನಾಗಿ ಆರಿಸಿದರು. 26 ಕಂತು ಎಂದು ಹೇಳಿದ್ದರು. ರಾಜೀನಾಮೆ ಕೊಟ್ಟು ಬೆಂಗಳೂರಿಗೆ ಹೋದೆ. ಅಕ್ಟೋಬರ್‌ನಲ್ಲಿ ಶುರುವಾದದ್ದು ಒಂಬತ್ತನೆಯ ಕಂತಿಗೆ ನಿಂತಿತು. ಚಿತ್ರೀಕರಣಕ್ಕೆ ಹೊರಡುವ ಹಿಂದಿನ ದಿನ ಫೋನಿನಲ್ಲಿ ತಿಳಿಸಿದರು. ನಮ್ಮ ಭಾಷೆ ಬೆಂಗಳೂರಿನಲ್ಲಿ ನಡೆಯುವುದಿಲ್ಲ ಎಂದು ಊರಿನವರು ಹೇಳುತ್ತಾರೆ. ರೇಟಿಂಗ್ ಚೆನ್ನಾಗಿಯೇ ಇತ್ತು, ಒಳಗಿನ ರಾಜಕೀಯದಿಂದ ನಿಲ್ಲಿಸಿದರು ಎಂದು ಸ್ನೇಹಿತರು ಹೇಳುತ್ತಾರೆ. ಮೊದಲು ವರ್ಷಕ್ಕೆ ಮೂವತ್ತು ಕಾರ್ಯಕ್ರಮ ಸಿಗುತ್ತಿದ್ದವು, ಈ ಜಾತ್ರೆಯ ಹಂಗಾಮಿನಲ್ಲಿ ನಾಲ್ಕೇ ಸಿಕ್ಕವು. ಕೊನೆಯ ಎರಡು ಕಂತಿನ ಸಂಭಾವನೆ ಇನ್ನೂ ಬಂದಿಲ್ಲ. ಹನ್ನೆರಡು ತಿಂಗಳು ಬೇರೆ ವಾಹಿನಿಯಲ್ಲಾಗಲಿ ಯೂಟ್ಯೂಬಿನಲ್ಲಾಗಲಿ ಕಾಣಿಸಿಕೊಳ್ಳಬಾರದು ಎಂದು ಒಪ್ಪಂದದಲ್ಲಿದೆ. ಹೆಂಡತಿ ಹಳೆಯ ಕೆಲಸಕ್ಕೆ ಮರಳಲು ಹೇಳುತ್ತಿದ್ದಾಳೆ. ನಾನು ಎಲ್ಲಿ ತಪ್ಪಿದೆ? ಈಗ ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಂತರ್ಜಾಲದಲ್ಲಿರುವ ನಿಮ್ಮ ಒಂಬತ್ತು ಕಂತುಗಳನ್ನೂ ನೋಡಿದೆ. ಕನ್ನಡ ವಾಹಿನಿಗಳಲ್ಲಿ ಧಾರಾವಾಹಿಯಲ್ಲದ ಕಾರ್ಯಕ್ರಮಗಳ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದು ಈಗ ಬೆಳಗಾವಿಗೆ ಮರಳಿದ್ದೇನೆ. ಇಂಥ ಕಾರ್ಯಕ್ರಮಗಳನ್ನು ಶುರು ಮಾಡುವ ಸಭೆಯಲ್ಲಿಯೂ ಇದ್ದೆ, ನಿಲ್ಲಿಸುವ ಸಭೆಯಲ್ಲಿಯೂ ಇದ್ದೆ. ನೀವು ಭಾಷೆ, ರೇಟಿಂಗ್, ಹಣ, ಒಪ್ಪಂದ, ನೌಕರಿ ಎಂದು ಬೇರೆ ಬೇರೆಯಾಗಿ ಕೇಳಿದ್ದೀರಿ. ಅವೆಲ್ಲದರ ಕೆಳಗೆ ಇರುವುದು ಒಂದೇ ಅಳಲು: ಇಡೀ ಊರಿನ ಎದುರು ನನಗೆ ನಗಿಸಲು ಬರುವುದಿಲ್ಲ ಎಂದು ತೀರ್ಮಾನವಾಗಿಬಿಟ್ಟಿತೇ? ಆಗಿಲ್ಲ. ಆದರೆ ಒಂದು ನಷ್ಟ ನಿಜವಾಗಿ ಆಗಿದೆ. ನಿಮ್ಮ ಪತ್ರದಲ್ಲಿ ಅದರ ಸುಳಿವೇ ಇಲ್ಲ, ಹಾಗಾಗಿ ಅದರ ಬಗ್ಗೆ ಕೊಂಚ ಹೆಚ್ಚೇ ಬರೆಯುತ್ತೇನೆ.

ಮೊದಲು ರೇಟಿಂಗ್. ಟಿಆರ್‌ಪಿ ಎಂದು ನಾವೆಲ್ಲ ಕರೆಯುವ ಲೆಕ್ಕವನ್ನು 2015ರಿಂದ ಬಾರ್ಕ್ ಎಂಬ ಸಂಸ್ಥೆ ಕೊಡುತ್ತಿದೆ. ದೇಶದಾದ್ಯಂತ ಐವತ್ತು ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಮೀಟರ್ ಕೂರಿಸಿದ್ದಾರೆ. ಆ ಮನೆಗಳು ಯಾವುವು ಎಂಬುದನ್ನು ಗುಟ್ಟಾಗಿ ಇಡುತ್ತಾರೆ. ಟಿವಿಯ ಧ್ವನಿಯಲ್ಲಿ ಕಿವಿಗೆ ಕೇಳಿಸದ ಒಂದು ಗುರುತು ಬೆರೆತಿರುತ್ತದೆ, ಮೀಟರ್ ಅದನ್ನು ಹಿಡಿಯುತ್ತದೆ. ಮನೆಯಲ್ಲಿ ಯಾರು ನೋಡುತ್ತಿದ್ದಾರೆ ಎಂಬುದಕ್ಕೆ ಅವರವರ ಗುಂಡಿ ಒತ್ತಬೇಕು. ಶನಿವಾರದಿಂದ ಶುಕ್ರವಾರದವರೆಗಿನ ವಾರದ ಅಂಕಿಗಳು ಮುಂದಿನ ಗುರುವಾರ ವಾಹಿನಿಯ ಕೈಗೆ ಬರುತ್ತವೆ. ಇಲ್ಲಿ ಕಲಾವಿದರು ಹೆಚ್ಚಾಗಿ ತಪ್ಪು ತಿಳಿಯುವುದು ಒಂದು ವಿಷಯವನ್ನು. ರೇಟಿಂಗ್ ಎಂದರೆ ಎಷ್ಟು ಜನ ಬಂದರು ಎಂಬುದಷ್ಟೇ ಅಲ್ಲ. ಬಂದವರು ಎಷ್ಟು ನಿಮಿಷ ಕುಳಿತರು ಎಂಬುದೂ ಅದರಲ್ಲಿ ಸೇರಿದೆ. ಮುಧೋಳ, ಜಮಖಂಡಿ, ಇಳಕಲ್ಲಿನಲ್ಲಿ ನಮ್ಮ ಹುಡುಗ ಬಂದ ಎಂದು ಎಲ್ಲರೂ ಟಿವಿ ಹಾಕಿ, ಹತ್ತು ನಿಮಿಷ ನೋಡಿ, ಖುಷಿಪಟ್ಟು, ಬೇರೆ ವಾಹಿನಿಗೆ ಹೋದರೆ ಊರಿನಲ್ಲಿ ಹೆಸರು ಬರುತ್ತದೆ, ರೇಟಿಂಗ್ ಬರುವುದಿಲ್ಲ. ನಿಮ್ಮ ಸ್ನೇಹಿತರು ತೋರಿಸಿರುವುದು ಯೂಟ್ಯೂಬಿನ ವೀಕ್ಷಣೆಯ ಸಂಖ್ಯೆ ಇರಬೇಕು. ಆ ಲೆಕ್ಕವೇ ಬೇರೆ, ಇದೇ ಬೇರೆ.

ಒಳರಾಜಕೀಯದ ಮಾತನ್ನು ಬಿಟ್ಟುಬಿಡಿ. ಪ್ರತಿ ವಾಹಿನಿಯಲ್ಲಿಯೂ ಮನಸ್ತಾಪಗಳಿರುತ್ತವೆ, ಆದರೆ ಭಾನುವಾರ ರಾತ್ರಿಯ ಒಂದು ಗಂಟೆಯನ್ನು ಮನಸ್ತಾಪಕ್ಕಾಗಿ ಖಾಲಿ ಮಾಡುವವರನ್ನು ನಾನು ಕಂಡಿಲ್ಲ. ಅಲ್ಲಿ ನಡೆಯುವ ಲೆಕ್ಕ ತೀರಾ ಸರಳ. ಮೊದಲ ಕಂತಿನ ಅಂಕಿಯನ್ನು ಯಾರೂ ನಂಬುವುದಿಲ್ಲ, ಅದು ಪ್ರೋಮೋ ತಂದ ಜನ. ಎರಡರಿಂದ ನಾಲ್ಕನೆಯ ಕಂತಿನವರೆಗೆ ಅಂಕಿ ಇಳಿಯುತ್ತದೆಯೇ, ನಿಲ್ಲುತ್ತದೆಯೇ ಎಂದು ನೋಡುತ್ತಾರೆ. ಐದಾರನೆಯ ವಾರ ಒಂದಿಷ್ಟು ತಿದ್ದುತ್ತಾರೆ: ಸಿನಿಮಾದವರನ್ನು ಅತಿಥಿಯಾಗಿ ಕರೆಯುತ್ತಾರೆ, ಸ್ಕಿಟ್ ಹೆಚ್ಚಿಸುತ್ತಾರೆ. ನಿಮ್ಮಲ್ಲಿಯೂ ಐದನೆಯ ಕಂತಿನಿಂದ ಅದೇ ಆಗಿದೆ. ಆಮೇಲೂ ಮೇಲೇಳದಿದ್ದರೆ ಸೆಟ್ಟಿನ ಬಾಡಿಗೆ, ಹತ್ತು ಹನ್ನೆರಡು ಕಲಾವಿದರ ಸಂಭಾವನೆ, ತಂತ್ರಜ್ಞರ ದಿನಗೂಲಿ ಇವನ್ನೆಲ್ಲ ಒಂದು ಕಡೆ ಇಟ್ಟು, ಆಗಲೇ ಹಕ್ಕು ಕೊಂಡಿರುವ ಹಳೆಯ ಸಿನಿಮಾವನ್ನು ಇನ್ನೊಂದು ಕಡೆ ಇಟ್ಟು ತೂಗುತ್ತಾರೆ. ಸಿನಿಮಾಕ್ಕೆ ಹೊಸ ಖರ್ಚಿಲ್ಲ. 26 ಕಂತು ಎಂಬುದು ಬಾಯಿಮಾತು. ಒಪ್ಪಂದಗಳು ಸಾಮಾನ್ಯವಾಗಿ 13 ಕಂತಿನ ಕಟ್ಟುಗಳಲ್ಲಿ ಆಗುತ್ತವೆ, ನಡುವೆಯೇ ನಿಲ್ಲಿಸುವ ಹಕ್ಕನ್ನು ವಾಹಿನಿ ತನ್ನಲ್ಲಿ ಇಟ್ಟುಕೊಂಡಿರುತ್ತದೆ. ನೀವು ಕಳುಹಿಸಿದ ಪುಟಗಳಲ್ಲಿಯೂ ಆ ಸಾಲು ಇದೆ. ಹಿಂದಿನ ದಿನ ಫೋನಿನಲ್ಲಿ ಹೇಳಿದ್ದು ತಪ್ಪು ನಡವಳಿಕೆ. ಕೆಲಸ ಬಿಟ್ಟು ಬಂದವನಿಗೆ ಎದುರು ಕೂತು ಹೇಳಬೇಕಿತ್ತು.

ಇನ್ನು ನಿಮಗೆ ಕೊಟ್ಟ ಸಮಯ. ಈಚಿನ ವರ್ಷಗಳಲ್ಲಿ ಬಿಗ್ ಬಾಸ್ ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್‌ನಲ್ಲೋ ಶುರುವಾಗುತ್ತದೆ. ಶನಿವಾರ, ಭಾನುವಾರ ರಾತ್ರಿ ಸುದೀಪ್ ಬರುತ್ತಾರೆ. ಆ ಹೊತ್ತಿಗೆ ಎದುರಿನ ವಾಹಿನಿಯಲ್ಲಿ ಹೊಸ ಮುಖವನ್ನು ನಿಲ್ಲಿಸಿದರೆ ಏನಾಗುತ್ತದೆ ಎಂಬುದು ಆ ಸಭೆಯಲ್ಲಿ ಕುಳಿತ ಎಲ್ಲರಿಗೂ ಗೊತ್ತಿರುತ್ತದೆ. ಆದರೂ ನಿಲ್ಲಿಸುತ್ತಾರೆ, ಏಕೆಂದರೆ ಆ ಜಾಗವನ್ನು ಏನಾದರೂ ಹಾಕಿ ತುಂಬಲೇಬೇಕು.

ಇದು ನಿಮಗೊಬ್ಬರಿಗೇ ಆದದ್ದಲ್ಲ ಎಂಬುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. ಅಮೆರಿಕದ ರಿಚರ್ಡ್ ಪ್ರಯರ್ ಎಂಬ ಹಾಸ್ಯಗಾರನ ಹೆಸರಿನಲ್ಲಿಯೇ ಎನ್‌ಬಿಸಿ ವಾಹಿನಿ 1977ರ ಸೆಪ್ಟೆಂಬರ್‌ನಲ್ಲಿ ಒಂದು ಹಾಸ್ಯ ಕಾರ್ಯಕ್ರಮ ಶುರು ಮಾಡಿತು. ಒಬ್ಬನೇ ನಿಂತು ನಗಿಸುವ ಕಲೆಯಲ್ಲಿ ಆ ಕಾಲಕ್ಕೆ ಅವನಿಗಿಂತ ದೊಡ್ಡವರು ಇರಲಿಲ್ಲ. ಕೊಟ್ಟ ಸಮಯ ಮಂಗಳವಾರ ರಾತ್ರಿ ಎಂಟು, ಮಕ್ಕಳು ಮರಿ ಕೂತು ನೋಡುವ ಹೊತ್ತು. ಎದುರಿನ ವಾಹಿನಿಯಲ್ಲಿ ದೇಶವೇ ನೋಡುತ್ತಿದ್ದ ಎರಡು ಧಾರಾವಾಹಿಗಳಿದ್ದವು. ಅವನ ಮಾತಿಗೆ ವಾಹಿನಿಯವರು ಮೊದಲ ಕಂತಿನಿಂದಲೇ ಕತ್ತರಿ ಆಡಿಸಿದರು. ನಾಲ್ಕೇ ಕಂತಿಗೆ ಮುಗಿಯಿತು. ಪ್ರಯರ್ ವೇದಿಕೆಗೆ ಮರಳಿದ. ಎರಡು ವರ್ಷದ ನಂತರ, 1979ರಲ್ಲಿ, ಅವನ ವೇದಿಕೆಯ ಪ್ರದರ್ಶನವೊಂದನ್ನು ಚಿತ್ರೀಕರಿಸಿ ಚಿತ್ರಮಂದಿರಗಳಲ್ಲಿ ತೋರಿಸಿದರು. ಆ ಕಲೆಯನ್ನು ಕಲಿಯುವವರು ಇಂದಿಗೂ ಅದನ್ನು ಕೂತು ನೋಡುತ್ತಾರೆ. ಆ ನಾಲ್ಕು ಕಂತಿನ ತಂಡದಲ್ಲಿದ್ದ ರಾಬಿನ್ ವಿಲಿಯಮ್ಸ್ ಎಂಬ ಹುಡುಗ ಮರುವರ್ಷವೇ ದೊಡ್ಡ ಹೆಸರಾದ.

ಎರಡನೆಯದು ನೀವೂ ಬಲ್ಲ ಕಪಿಲ್ ಶರ್ಮಾ. 2007ರಲ್ಲಿ ಹಾಸ್ಯ ಸ್ಪರ್ಧೆ ಗೆದ್ದು ಬಂದವರು. 2013ರಲ್ಲಿ ಶುರುವಾದ ಅವರ ಕಾರ್ಯಕ್ರಮ ಮನೆಮಾತಾಗಿತ್ತು. 2018ರ ಮಾರ್ಚ್‌ನಲ್ಲಿ ಸೋನಿ ವಾಹಿನಿಯಲ್ಲಿ ಕುಟುಂಬಗಳನ್ನು ಕರೆದು ಆಟ ಆಡಿಸುವ ಹೊಸ ಕಾರ್ಯಕ್ರಮ ತಂದರು. ಮೂರು ಕಂತಿಗೆ ನಿಂತಿತು. ಹೊಂದಿಸಿಕೊಂಡಿದ್ದ ಚಿತ್ರೀಕರಣಗಳು ರದ್ದಾದದ್ದೂ ಕಾರಣ, ಆದರೆ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಅವರ ಶಕ್ತಿ ಇರುವುದು ಎದುರಿಗೆ ಕುಳಿತವರನ್ನು ಮಾತಿಗೆ ಎಳೆಯುವುದರಲ್ಲಿ. ಆಟದ ನಿಯಮ, ಬಹುಮಾನ, ಗಡಿಯಾರ ಇವೆಲ್ಲ ನಡುವೆ ಬಂದು ನಿಂತವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅದೇ ವಾಹಿನಿಗೆ ಹಳೆಯ ಬಗೆಯ ಕಾರ್ಯಕ್ರಮದೊಂದಿಗೆ ಮರಳಿದರು, ಅದು ನಡೆಯಿತು. ಮನುಷ್ಯ ಅವನೇ, ಸುತ್ತಲಿನ ಚೌಕಟ್ಟು ಬೇರೆ.

ಈಗ ಭಾಷೆ. ನಮ್ಮ ಕಡೆಯ ಮಾತು ದಕ್ಷಿಣದಲ್ಲಿ ನಡೆಯುವುದಿಲ್ಲ ಎನ್ನುವವರಿಗೆ ಗಂಗಾವತಿ ಪ್ರಾಣೇಶರನ್ನು ತೋರಿಸಿದರೆ ಸಾಕು. ಮಂಡ್ಯ, ಮೈಸೂರಿನ ಜನ ಅವರ ಮಾತನ್ನು ಅವರ ಮಾತಿನ ಧಾಟಿಗಾಗಿಯೇ ಕೇಳುತ್ತಾರೆ. ಧಾಟಿ ಯಾವತ್ತೂ ಅಡ್ಡಿಯಾಗಿಲ್ಲ. ಅಡ್ಡಿಯಾಗುವುದು ಇನ್ನೊಂದು, ಅದನ್ನು ನಿಮ್ಮ ಎರಡನೆಯ ಕಂತಿನಲ್ಲಿಯೇ ಕಂಡೆ. ಅಂಗಡಿಗೆ ಹೋಗಿ ಕಾಲು ಕಿಲೋ ಪುಟಾಣಿ ಕೇಳಿದ ಪ್ರಸಂಗವನ್ನು ಹೇಳಿದಿರಿ. ನಮ್ಮಲ್ಲಿ ಪುಟಾಣಿ ಎಂದರೆ ಹುರಿಗಡಲೆ. ಬೆಂಗಳೂರಿನಲ್ಲಿ ಪುಟಾಣಿ ಎಂದರೆ ಚಿಕ್ಕ ಮಗು. ಸ್ಟುಡಿಯೋದಲ್ಲಿ ನೀವು ಬಯಸದ ಜಾಗದಲ್ಲಿ ನಗೆ ಎದ್ದಿತು, ಬಯಸಿದ ಜಾಗದಲ್ಲಿ ಏಳಲಿಲ್ಲ. ಒಂದು ಕ್ಷಣ ನಿಮ್ಮ ಮುಖ ಗೊಂದಲಕ್ಕೆ ಬಿದ್ದದ್ದು ಕ್ಯಾಮೆರಾದಲ್ಲಿದೆ. ಇದೇ ಮುಧೋಳದ ವೇದಿಕೆಯಲ್ಲಿ ಆಗಿದ್ದರೆ ನೀವು ಅಲ್ಲಿಯೇ ನಿಂತು, ಆ ಎರಡು ಅರ್ಥಗಳ ಮೇಲೆಯೇ ಹತ್ತು ನಿಮಿಷ ಆಡುತ್ತಿದ್ದಿರಿ. ನಿಜ ಹೇಳುವುದಾದರೆ ಆ ಇಡೀ ಕಂತಿನ ಅತ್ಯುತ್ತಮ ಹಾಸ್ಯ ಅಲ್ಲಿ ಬಿದ್ದಿತ್ತು, ಎತ್ತಿಕೊಳ್ಳಲು ಪುರುಸೊತ್ತು ಸಿಗಲಿಲ್ಲ. ಕಿವಿಯಲ್ಲಿ ನಿರ್ದೇಶಕರು ಮುಂದಕ್ಕೆ ಹೋಗಿ ಎನ್ನುತ್ತಿದ್ದರು.

ಮೂರನೆಯ ಕಂತಿನಿಂದ ನೀವು ಮಾತು ಬದಲಿಸಿದ್ದೀರಿ. ಯಾರೋ ಸ್ವಲ್ಪ ಬೆಂಗಳೂರಿನ ಕನ್ನಡ ಬರಲಿ ಎಂದಿರಬೇಕು. ಪದಗಳು ಅಲ್ಲಿಯವು, ಏರಿಳಿತ ಮುಧೋಳದ್ದು. ಪ್ರತಿ ವಾಕ್ಯದ ಮೊದಲು ಮನಸ್ಸಿನಲ್ಲಿ ಅನುವಾದ ನಡೆಯುತ್ತಿರುವುದು ಕಾಣುತ್ತದೆ. ಹಾಸ್ಯದಲ್ಲಿ ಅರ್ಧ ಸೆಕೆಂಡಿನ ತಡವೂ ನಗೆಯನ್ನು ಕೊಲ್ಲುತ್ತದೆ. ಮುಂದೆ ಯಾವುದೇ ವಾಹಿನಿಯವರು ಧಾಟಿ ಬದಲಿಸಲು ಹೇಳಿದರೆ ಬೇಡ ಎನ್ನಿ. ಆದರೆ ನಗೆ ಸಿಡಿಯಬೇಕಾದ ಕೊನೆಯ ಪದ ಚಾಮರಾಜನಗರದವರಿಗೂ ತಿಳಿಯುವ ಪದವಾಗಿರಲಿ, ಇಲ್ಲವೇ ಅದರ ಅರ್ಥವನ್ನು ಮೊದಲೇ ಬಿತ್ತಿರಲಿ. ಉಳ್ಳಾಗಡ್ಡಿ, ಬಳ್ಳೊಳ್ಳಿ, ತಾಟು ಇವೆಲ್ಲ ನಡುವೆ ಎಷ್ಟು ಬಂದರೂ ತೊಂದರೆಯಿಲ್ಲ, ಕೇಳುವವರಿಗೆ ಅವು ರುಚಿಯೇ.

ಸ್ಟುಡಿಯೋದ ಬಗ್ಗೆ ಒಂದೇ ಮಾತು. ವೇದಿಕೆಯಲ್ಲಿ ನೀವು ನಗೆಯ ಅಲೆ ಎದ್ದು, ಇಳಿಯಲು ತೊಡಗಿದ ಕ್ಷಣದಲ್ಲಿ ಮುಂದಿನ ಮಾತು ಆಡುತ್ತೀರಿ. ಸ್ಟುಡಿಯೋದಲ್ಲಿ ಕೂರುವವರಲ್ಲಿ ಹೆಚ್ಚಿನವರು ದಿನದ ಲೆಕ್ಕಕ್ಕೆ ಬಂದವರು, ಕೈಸನ್ನೆಗೆ ಚಪ್ಪಾಳೆ ತಟ್ಟುತ್ತಾರೆ. ದಿನಕ್ಕೆ ಎರಡು ಕಂತು ತೆಗೆಯುವಾಗ ಸಂಜೆಯ ಹೊತ್ತಿಗೆ ಅವರೂ ದಣಿದಿರುತ್ತಾರೆ. ಉಳಿದ ನಗೆಯನ್ನು ಎಡಿಟಿಂಗ್‌ನಲ್ಲಿ ಸೇರಿಸುತ್ತಾರೆ. ಹಾಗಾಗಿ ನಿಮಗೆ ಹಿಡಿದುಕೊಳ್ಳಲು ಅಲೆಯೇ ಇರಲಿಲ್ಲ. ಇದು ಕಲಿಯಬಹುದಾದ ಕೆಲಸ, ಆದರೆ ಕಲಿಯಲು ಒಂಬತ್ತು ಕಂತು ಸಾಲದು.

ಈಗ ನಾನು ಹೇಳಿದ ನಷ್ಟಕ್ಕೆ ಬರುತ್ತೇನೆ. ನಿಮ್ಮ ವೇದಿಕೆಯ ಕಾರ್ಯಕ್ರಮ ಒಂದೂಕಾಲು ಗಂಟೆಯದು ಎಂದು ಬರೆದಿದ್ದೀರಿ. ಒಂದು ಗಂಟೆಯ ಟಿವಿ ಕಾರ್ಯಕ್ರಮದಲ್ಲಿ ನಿಯಮದ ಪ್ರಕಾರ ಹನ್ನೆರಡು ನಿಮಿಷದವರೆಗೆ ಜಾಹೀರಾತಿಗೆ ಹೋಗುತ್ತದೆ. ಉಳಿದುದರಲ್ಲಿ ಸ್ಕಿಟ್, ಅತಿಥಿ, ಹಾಡು ಎಲ್ಲ ಕಳೆದರೆ ನಿಮ್ಮ ಸ್ವಂತ ಮಾತು ಪ್ರತಿ ಕಂತಿನಲ್ಲಿ ಸುಮಾರು ಎಂಟು ನಿಮಿಷ ಬಂದಿದೆ, ಗಡಿಯಾರ ಹಿಡಿದು ನೋಡಿದ್ದೇನೆ. ಒಂಬತ್ತು ಕಂತಿಗೆ 72 ನಿಮಿಷ. ಅಂದರೆ ಹನ್ನೊಂದು ವರ್ಷ ಊರೂರು ಅಲೆದು ಕಟ್ಟಿದ ಒಂದೂಕಾಲು ಗಂಟೆಯ ಸರಕು ಒಂಬತ್ತು ಭಾನುವಾರಗಳಲ್ಲಿ ಖರ್ಚಾಗಿದೆ. ಆರನೆಯ ಕಂತಿನ ಹೊತ್ತಿಗೆ ಮೊಬೈಲಿನಲ್ಲಿ ಓಡಾಡುವ ಚುಟುಕು ಹಾಸ್ಯಗಳು ನಿಮ್ಮ ಬಾಯಿಗೆ ಬಂದಿವೆ. ಮನೆಯ ಕಣಜ ಬರಿದಾದ ಮೇಲೆ ಸಂತೆಯ ಕಾಳು ತಂದಂತೆ ಅದು. ನೋಡುವವರಿಗೂ ವ್ಯತ್ಯಾಸ ತಿಳಿಯುತ್ತದೆ.

ಬಾದಾಮಿಯ ಬನಶಂಕರಿ ಜಾತ್ರೆಗೆ ಬರುವ ನಾಟಕ ಕಂಪನಿಗಳನ್ನು ನೀವು ಚಿಕ್ಕಂದಿನಿಂದ ನೋಡಿರುತ್ತೀರಿ. ಕಂಪನಿಯ ಹಾಸ್ಯಗಾರ ಒಂದೇ ನಾಟಕದ ಒಂದೇ ಪಾತ್ರವನ್ನು ವರ್ಷಗಟ್ಟಲೆ ಆಡುತ್ತಾನೆ. ಅದು ಸಾಧ್ಯವಾಗುವುದು ಏಕೆಂದರೆ ಕಲೆಕ್ಷನ್ ಇಳಿದ ಕೂಡಲೇ ಮಾಲೀಕರು ಕ್ಯಾಂಪ್ ಎತ್ತುತ್ತಾರೆ. ಮುಂದಿನ ಊರಿಗೆ ಅದೇ ಮಾತು ಹೊಸದು. ಟಿವಿಯಲ್ಲಿ ಕ್ಯಾಂಪ್ ಎತ್ತಲು ಬರುವುದಿಲ್ಲ. ಪ್ರತಿ ವಾರ ಅದೇ ಜನ, ಅದೇ ಮನೆ, ಅದೇ ಕುರ್ಚಿ. ಊರು ಬದಲಾಗುವುದಿಲ್ಲವಾದ್ದರಿಂದ ಮಾತು ಬದಲಾಗಬೇಕು. ಅದಕ್ಕಾಗಿಯೇ ದೀರ್ಘಕಾಲ ನಡೆಯುವ ಹಾಸ್ಯ ಕಾರ್ಯಕ್ರಮಗಳ ಹಿಂದೆ ಐದಾರು ಬರಹಗಾರರು ಕೂತು ಬರೆಯುತ್ತಿರುತ್ತಾರೆ. ನಿಮಗೆ ಇಬ್ಬರನ್ನು ಕೊಟ್ಟಿದ್ದರು, ಅವರಲ್ಲಿ ಯಾರಿಗೂ ನಿಮ್ಮ ಕಡೆಯ ಬದುಕು ಗೊತ್ತಿರಲಿಲ್ಲ ಎಂಬುದು ಸ್ಕಿಟ್‌ಗಳಲ್ಲಿ ಕಾಣುತ್ತದೆ. ಇದು ನಿಮ್ಮ ತಪ್ಪಲ್ಲ. ಒಪ್ಪಿಕೊಳ್ಳುವ ಮೊದಲು ಬರಹಗಾರರು ಯಾರು, ಎಷ್ಟು ಮಂದಿ ಎಂದು ಕೇಳದಿದ್ದುದು ಮಾತ್ರ ತಪ್ಪು. ಮೊದಲ ಸಲ ಹೋಗುವ ಬಹುತೇಕ ಎಲ್ಲರೂ ಅದನ್ನು ಕೇಳುವುದಿಲ್ಲ. ಸಂಭಾವನೆ ಕೇಳುತ್ತಾರೆ, ಹೆಸರು ಎಷ್ಟು ದೊಡ್ಡದಾಗಿ ಬರುತ್ತದೆ ಎಂದು ಕೇಳುತ್ತಾರೆ.

ಜಾತ್ರೆಗಳಲ್ಲಿ ಆಹ್ವಾನ ಕಡಿಮೆಯಾದದ್ದಕ್ಕೂ ಇದೇ ಮೂಲ ಕಾರಣ. ಒಂದಿಷ್ಟು ಸಂಘಟಕರು ಟಿವಿಗೆ ಹೋದವರು ಹೆಚ್ಚು ಹಣ ಕೇಳುತ್ತಾರೆ ಎಂದು ಹಿಂಜರಿದಿರಬಹುದು. ಅಂಥವರಿಗೆ ಹಳೆಯ ದರವೇ ಎಂದು ನೀವೇ ಫೋನ್ ಮಾಡಿ ಹೇಳಿದರೆ ಸರಿಹೋಗುತ್ತದೆ. ಆದರೆ ನಿಮ್ಮನ್ನು ಕರೆದ ನಾಲ್ಕು ಕಡೆ ಜನ ಹೇಗೆ ನಕ್ಕರು ಎಂಬುದನ್ನು ನೀವು ಬರೆದಿಲ್ಲ. ಅಂಗಡಿಯ ಪ್ರಸಂಗ ಶುರುವಾಗುತ್ತಿದ್ದಂತೆ ಮುಂದಿನ ಸಾಲಿನ ಹುಡುಗರು ಕೊನೆಯ ಪದವನ್ನು ತಾವೇ ಹೇಳಿಬಿಟ್ಟಿರಬೇಕು ಎಂದು ನನ್ನ ಊಹೆ.

ಹಾಗಾದರೆ ಮೊದಲ ಕೆಲಸ ಹೊಸ ಸರಕು. ಒಂದೂಕಾಲು ಗಂಟೆ ಬೇಡ, ಇಪ್ಪತ್ತು ನಿಮಿಷ ಗುರಿ ಇಟ್ಟುಕೊಳ್ಳಿ. ದೊಡ್ಡ ಜಾತ್ರೆಯಲ್ಲಿ ಹೊಸದನ್ನು ಪರೀಕ್ಷಿಸಬೇಡಿ. ಮುಂಬರುವ ಗಣೇಶ ಚೌತಿಯಲ್ಲಿ ಸಣ್ಣ ಊರುಗಳ ಮಂಟಪಗಳಿಗೆ, ಸಂಭಾವನೆ ಕಡಿಮೆಯಾದರೂ ಹೋಗಿ. ಟಿವಿಯಲ್ಲಿ ಬಾರದೆ ಉಳಿದ ಹಳೆಯ ಪ್ರಸಂಗವೊಂದರಿಂದ ಶುರು ಮಾಡಿ, ಗ್ಯಾರಂಟಿ ನಗೆ ಬರುವ ಇನ್ನೊಂದರಿಂದ ಮುಗಿಸಿ, ನಡುವೆ ಐದು ನಿಮಿಷ ಹೊಸದನ್ನು ಇಡಿ. ಬಿದ್ದರೂ ಎತ್ತಲು ಹಳೆಯದು ಇರುತ್ತದೆ. ಪ್ರತಿ ಸಲ ಮೊಬೈಲಿನಲ್ಲಿ ಧ್ವನಿ ಮುದ್ರಿಸಿ, ಮರುದಿನ ಕೇಳಿ, ನಗೆ ಎಲ್ಲಿ ಬಂತು, ಎಲ್ಲಿ ತಡವಾಯಿತು ಎಂದು ಗುರುತು ಹಾಕಿ. ಒಂದು ಪ್ರಸಂಗ ಹತ್ತು ಹದಿನೈದು ಸಲ ಜನರ ಮುಂದೆ ಹೋಗಿ ಬರುವ ತನಕ ಗಟ್ಟಿಯಾಗುವುದಿಲ್ಲ ಎಂಬುದು ನಾನು ಕಂಡ ಎಲ್ಲ ಒಳ್ಳೆಯ ಹಾಸ್ಯಗಾರರ ಅನುಭವ. ಬಾಗಲಕೋಟೆಯ ಹೋಳಿಯಲ್ಲಿ ವೇಷ ಹಾಕಿದವರನ್ನು ಹೊತ್ತು ಬೀದಿಯಲ್ಲಿ ಸಾಗುವ ಸೋಗಿನ ಬಂಡಿಗಳನ್ನು ನೆನಪಿಸಿಕೊಳ್ಳಿ. ಅಲ್ಲಿ ಟಿಕೆಟ್ ಇಲ್ಲ, ಕುರ್ಚಿ ಇಲ್ಲ. ಒಂದು ಬಂಡಿಯ ಸೋಗು ಹಿಡಿಸದಿದ್ದರೆ ಜನ ಕತ್ತು ತಿರುಗಿಸಿ ಹಿಂದಿನ ಬಂಡಿಯನ್ನು ನೋಡುತ್ತಾರೆ. ಅಂಥ ಜನರ ಮುಂದೆ ಗಟ್ಟಿಯಾದ ಇಪ್ಪತ್ತು ನಿಮಿಷ ಎಲ್ಲಿಯೂ ನಡೆಯುತ್ತದೆ.

ವಿಷಯಕ್ಕೆ ಎಲ್ಲಿ ಹೋಗಲಿ ಎನ್ನುತ್ತೀರಾ? ರಾಜೀನಾಮೆ ಕೊಟ್ಟ ದಿನ ಸಂಘದಲ್ಲಿ ಮಾಡಿದ ಸನ್ಮಾನ, ಬೆಂಗಳೂರಿನ ಬಾಡಿಗೆ ಮನೆ, ಪುಟಾಣಿ ಎಂಬ ಪದ, ಹಿಂದಿನ ದಿನದ ಆ ಫೋನು, ಊರಿಗೆ ಮರಳಿದಾಗ ಬಸ್ ನಿಲ್ದಾಣದಲ್ಲಿ ಸಿಕ್ಕವರ ಪ್ರಶ್ನೆಗಳು. ಇದು ಯಾರಲ್ಲಿಯೂ ಇಲ್ಲದ, ನಿಮ್ಮದೇ ಆದ ಸರಕು. ಪ್ರಯರ್ ಕೂಡ ವೇದಿಕೆಯಲ್ಲಿ ತನ್ನ ಬದುಕಿನ ಪೆಟ್ಟುಗಳನ್ನೇ ಹೇಳುತ್ತಿದ್ದ. ವಾಹಿನಿಯ ಹೆಸರು, ವ್ಯಕ್ತಿಗಳ ಹೆಸರು ಮಾತ್ರ ಎತ್ತಬೇಡಿ. ಒಪ್ಪಂದದಲ್ಲಿ ಗೋಪ್ಯತೆಯ ಕಲಮು ಇದೆ, ಮಾನನಷ್ಟದ ದಾವೆಗೂ ದಾರಿಯಾಗಬಾರದು.

ಇನ್ನು ಒಪ್ಪಂದ. ನಾನು ವಕೀಲನಲ್ಲ, ಇಂಥ ಒಪ್ಪಂದಗಳಿಗೆ ಸಹಿ ಹಾಕಿಸಿಕೊಳ್ಳುವ ಕಡೆಯಲ್ಲಿ ಬಹಳ ವರ್ಷ ಇದ್ದವನು. 1872ರ ಭಾರತೀಯ ಕರಾರು ಕಾಯಿದೆಯ 27ನೆಯ ಕಲಮಿನ ಪ್ರಕಾರ ಒಬ್ಬನ ಕಸುಬಿಗೆ ಅಡ್ಡಿಪಡಿಸುವ ಕರಾರು ಅಷ್ಟರಮಟ್ಟಿಗೆ ನಡೆಯುವುದಿಲ್ಲ. ಒಪ್ಪಂದ ಜಾರಿಯಲ್ಲಿರುವ ಅವಧಿಯಲ್ಲಿ ಬೇರೆಡೆ ಹೋಗಬೇಡ ಎಂಬ ನಿರ್ಬಂಧವನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುತ್ತವೆ, ಒಪ್ಪಂದ ಮುಗಿದ ಮೇಲಿನ ನಿರ್ಬಂಧವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ನಿಮ್ಮ ಪುಟಗಳಲ್ಲಿ ಹನ್ನೆರಡು ತಿಂಗಳು ಕೊನೆಯ ಪ್ರಸಾರದಿಂದ ಎಂದಿದೆ, ಅಂದರೆ ಡಿಸೆಂಬರ್‌ಗೆ ಮುಗಿಯುತ್ತದೆ. ಇಷ್ಟಕ್ಕಾಗಿ ನ್ಯಾಯಾಲಯಕ್ಕೆ ಹೋಗುವ ಅಗತ್ಯವಿಲ್ಲ. ಕಾರ್ಯಕ್ರಮ ನಿಂತಿರುವುದರಿಂದ ನಿರಾಕ್ಷೇಪಣಾ ಪತ್ರ ಕೊಡಿ ಎಂದು ಇಮೇಲ್‌ನಲ್ಲಿ ಸೌಜನ್ಯದಿಂದ ಕೇಳಿ. ನಿಂತುಹೋದ ಕಾರ್ಯಕ್ರಮದ ನಿರೂಪಕನನ್ನು ಕಟ್ಟಿಹಾಕಿ ವಾಹಿನಿಗೆ ಲಾಭವಿಲ್ಲ. ನಾನಿದ್ದ ಕಡೆಗಳಲ್ಲಿ ಕೇಳಿದವರಿಗೆ ಕೊಟ್ಟಿದ್ದೇವೆ. ವೇದಿಕೆಯ ಕಾರ್ಯಕ್ರಮಗಳಿಗೆ ನಿಮ್ಮ ಒಪ್ಪಂದದಲ್ಲಿ ಅಡ್ಡಿಯೇ ಇಲ್ಲ.

ಹಾಸ್ಯ ಪ್ರಸಂಗಗಳ ಹಕ್ಕಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಚಿತ್ರೀಕರಿಸಿದ ಕಂತು ವಾಹಿನಿಯದು. ಆ ಪ್ರಸಂಗಗಳನ್ನು ಪದಪದವಾಗಿ ನೀವೇ ಕಟ್ಟಿದ್ದರೆ, ಲಿಖಿತವಾಗಿ ಸಹಿ ಹಾಕಿ ವಹಿಸಿಕೊಡದ ಹೊರತು, ಅವು ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ನಿಮ್ಮವು. ವಹಿಸಿಕೊಟ್ಟಿದ್ದರೂ ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದು ಕಾಯಿದೆ ಭಾವಿಸುತ್ತದೆ. ಆದ್ದರಿಂದ ಟಿವಿಗೆ ಹೋಗುವ ಮೊದಲು ಜಾತ್ರೆಗಳಲ್ಲಿ ಅದೇ ಪ್ರಸಂಗ ಹೇಳಿದ ಹಳೆಯ ವಿಡಿಯೋಗಳನ್ನು, ದಿನಾಂಕ ಸಮೇತ, ಒಂದು ಕಡೆ ಕೂಡಿಸಿಡಿ. ಮುಂದೆ ತಕರಾರು ಬಂದರೆ ಅದೇ ನಿಮ್ಮ ದಾಖಲೆ.

ಬಾಕಿ ಹಣಕ್ಕೆ ಒಂದು ಉಪಾಯವಿದೆ. ಸಂಭಾವನೆ ಕೊಡುವಾಗ ನಿರ್ಮಾಣ ಸಂಸ್ಥೆ ಸಾಮಾನ್ಯವಾಗಿ ಶೇ. 10ರಷ್ಟು ಆದಾಯ ತೆರಿಗೆ ಮುರಿದುಕೊಂಡು ನಿಮ್ಮ ಪ್ಯಾನ್ ಸಂಖ್ಯೆಗೆ ಜಮಾ ಮಾಡುತ್ತದೆ. ಆದಾಯ ತೆರಿಗೆಯ ಜಾಲತಾಣದಲ್ಲಿ ನಿಮ್ಮ ತೆರಿಗೆ ಕಡಿತದ ವಿವರ ತೆಗೆದು ನೋಡಿ. ಕೊನೆಯ ಎರಡು ಕಂತಿನ ತೆರಿಗೆ ಅಲ್ಲಿ ಕಾಣಿಸಿದರೆ, ಆ ಹಣ ನಿಮಗೆ ಕೊಡಬೇಕಾದದ್ದೆಂದು ಅವರ ಲೆಕ್ಕಪುಸ್ತಕವೇ ಒಪ್ಪಿದಂತೆ. ಅದರ ಪ್ರತಿಯೊಂದಿಗೆ ವಾಹಿನಿಗಲ್ಲ, ನಿಮ್ಮ ಒಪ್ಪಂದಕ್ಕೆ ಸಹಿ ಹಾಕಿದ ನಿರ್ಮಾಣ ಸಂಸ್ಥೆಗೆ ಬರೆಯಿರಿ. ಉತ್ತರ ಬಾರದಿದ್ದರೆ ವಕೀಲರಿಂದ ನೋಟಿಸ್ ಕೊಡಿಸಿ. ಇಂಥ ಬಾಕಿಗೆ ದಾವೆ ಹೂಡಲು ಮೂರು ವರ್ಷದ ಗಡುವಿದೆ, ಗಾಬರಿ ಬೇಡ, ಮರೆಯುವುದೂ ಬೇಡ.

ಯೂಟ್ಯೂಬ್ ಬಗ್ಗೆ ನಿಮಗೆ ದೊಡ್ಡ ಆಸೆ ಇದ್ದಂತಿದೆ. ಜಾಹೀರಾತಿನ ಪಾಲು ಸಿಗಬೇಕಾದರೆ ಒಂದು ಸಾವಿರ ಚಂದಾದಾರರು ಮತ್ತು ಹನ್ನೆರಡು ತಿಂಗಳಲ್ಲಿ ನಾಲ್ಕು ಸಾವಿರ ಗಂಟೆಗಳ ವೀಕ್ಷಣೆ ಆಗಬೇಕು. ನಿಮಗೆ ಅದು ಕಷ್ಟವಲ್ಲ. ಕಷ್ಟವಿರುವುದು ಬೇರೆ ಕಡೆ: ಅದೂ ಟಿವಿಯಂತೆಯೇ ಪ್ರತಿ ವಾರ ಹೊಸದನ್ನು ಕೇಳುತ್ತದೆ, ಇನ್ನೂ ಹೆಚ್ಚು ಹಸಿವಿನಿಂದ ಕೇಳುತ್ತದೆ. ವೇದಿಕೆಗಾಗಿ ಕಟ್ಟುತ್ತಿರುವ ಇಪ್ಪತ್ತು ನಿಮಿಷವನ್ನು ಅಲ್ಲಿ ಸುರಿಯಬೇಡಿ. ಅಲ್ಲಿಗೆ ಬೇರೆಯದನ್ನು ಕೊಡಿ, ಜನರೊಡನೆ ಆಡಿದ ಮಾತು, ಪ್ರಯಾಣದ ತುಣುಕು, ಹೀಗೆ ವೇದಿಕೆಯಲ್ಲಿ ಮತ್ತೆ ಹೇಳಬೇಕಾಗದಂಥದ್ದು. ನಿಮ್ಮ ಹಳೆಯ ಕಂತಿನ ತುಣುಕುಗಳನ್ನು ನೀವೇ ಹಾಕಬೇಡಿ. ವಾಹಿನಿ ಆಕ್ಷೇಪಿಸಿದರೆ ಪ್ರತಿಯೊಂದೂ ಒಂದು ಎಚ್ಚರಿಕೆಯಾಗುತ್ತದೆ, 90 ದಿನದೊಳಗೆ ಮೂರಾದರೆ ಚಾನೆಲ್ಲೇ ಹೋಗುತ್ತದೆ. ನಿರಾಕ್ಷೇಪಣಾ ಪತ್ರ ಕೈಗೆ ಬರುವವರೆಗೆ ಏನನ್ನೂ ಹಾಕದಿರುವುದು ಒಳ್ಳೆಯದು.

ಬೆಂಗಳೂರಿಗೆ ಮತ್ತೆ ಹೋಗುವುದಾದರೆ ನಿರೂಪಕನಾಗಿ ಬೇಡ, ಬರಹಗಾರನಾಗಿ ಹೋಗಿ. ಉತ್ತರ ಕರ್ನಾಟಕದ ಪಾತ್ರಗಳಿಗೆ ಮಾತು ಬರೆಯಬಲ್ಲವರು ಪ್ರತಿ ಹಾಸ್ಯ ಕಾರ್ಯಕ್ರಮಕ್ಕೂ ಬೇಕು, ಸಿಗುವುದು ಕಡಿಮೆ. ಊರಿನಲ್ಲಿ ಕೂತೇ ಬರೆದು ಕಳುಹಿಸಬಹುದು. ಮುಖ ಕಾಣುವುದಿಲ್ಲ, ಹಣ ಕಡಿಮೆ, ಆದರೆ ಒಂದು ವರ್ಷ ಬರೆದರೆ ಸ್ಟುಡಿಯೋ ಏನು ಕೇಳುತ್ತದೆ ಎಂಬುದು ಕೈಗೆ ಹತ್ತುತ್ತದೆ.

ಕೊನೆಗೆ ನಿಮ್ಮ ಮನೆಯವರ ಮಾತು. ಸಂಘದವರು ಮರಳಿ ತೆಗೆದುಕೊಳ್ಳಲು ಸಿದ್ಧರಿದ್ದರೆ ಹೋಗಿ. ಅದನ್ನು ಸೋಲೆಂದು ಬಗೆಯಬೇಡಿ. ಪ್ರೊ. ಕೃಷ್ಣೇಗೌಡರು ಕಾಲೇಜಿನಲ್ಲಿ ಪಾಠ ಮಾಡುತ್ತಲೇ ನಾಡೆಲ್ಲ ಸುತ್ತಿ ನಗಿಸಿದರು. ಮನೆಯ ಖರ್ಚಿನ ಚಿಂತೆ ತಲೆಯಲ್ಲಿ ಕೂತಿರುವಾಗ ಹೊಸ ಹಾಸ್ಯ ಹುಟ್ಟುವುದಿಲ್ಲ, ಹಳೆಯದನ್ನೇ ಮತ್ತೆ ಮತ್ತೆ ಮಾರಬೇಕಾಗುತ್ತದೆ. ಸಂಬಳ ಬರುತ್ತಿದ್ದರೆ ಚೌತಿಯಲ್ಲಿ ಕಡಿಮೆ ಹಣದ ಊರುಗಳಿಗೂ ಹೋಗಬಹುದು, ನವೆಂಬರ್‌ನ ರಾಜ್ಯೋತ್ಸವದ ವೇದಿಕೆಗಳಲ್ಲಿ ಇಪ್ಪತ್ತು ನಿಮಿಷವನ್ನು ಪೂರ್ತಿ ಹೇಳಿ ನೋಡಬಹುದು, ಜನವರಿಯ ಜಾತ್ರೆಗಳಿಗೆ ಹೊಸ ಕಾರ್ಯಕ್ರಮ ಎಂದೇ ಸಂಘಟಕರಿಗೆ ತಿಳಿಸಬಹುದು. ಕಾರ್ಯದರ್ಶಿಯವರನ್ನು ಕಾಣಲು ಹೋಗುವಾಗ ಹಂಗಾಮಿನ ರಜೆಯ ವಿಷಯವನ್ನು ಸೇರುವ ಮೊದಲೇ ಮಾತಾಡಿ, ಸಾಧ್ಯವಾದರೆ ಬರವಣಿಗೆಯಲ್ಲಿ ಪಡೆಯಿರಿ. ಸೇರಿದ ಮೇಲೆ ಕೇಳಿದರೆ ಪ್ರತಿ ಜಾತ್ರೆಗೂ ಒಂದೊಂದು ಸಲ ಕೈಕಟ್ಟಿ ನಿಲ್ಲಬೇಕಾಗುತ್ತದೆ.